ಕಬ್ಬಿಣ ಕೊಯ್ಯುವ ಗಾಳಿ

ಯಾದಗಿರಿಯ ರಾಮಸಮುದ್ರದಂಥ ಊರಿನಲ್ಲಿ ಟ್ರ್ಯಾಕ್ಟರ್ ಟ್ರಾಲಿಯ ದಪ್ಪ ತಗಡು ಕತ್ತರಿಸಬೇಕೆಂದರೆ ಗ್ಯಾಸ್ ಕಟಿಂಗ್‌ನವರೇ ಬರಬೇಕು. ಅವರು ಮೊದಲು ಒಂದು ಬಿಂದುವನ್ನಷ್ಟೇ ಕಾಯಿಸುತ್ತಾರೆ. ಕಬ್ಬಿಣ ಕೆಂಪೇರಿ ಸುಮಾರು 900 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಹಿಡಿಕೆ ಒತ್ತಿ ಶುದ್ಧ ಆಕ್ಸಿಜನ್ ಬಿಡುತ್ತಾರೆ. ಕರಗಬೇಕಾದರೆ ಅದಕ್ಕೆ 1500 ಡಿಗ್ರಿ ಬೇಕು. ಆದರೆ ಇಲ್ಲಿ ಕರಗುವ ಮೊದಲೇ ಕಬ್ಬಿಣ ಸೌದೆಯಂತೆ ಹೊತ್ತಿ ಉರಿಯುತ್ತದೆ. ಉರಿದು ನೀರಾದ ಕಿಟ್ಟವನ್ನು ಆಕ್ಸಿಜನ್ನಿನ ರಭಸ ಕೆಳಗೆ ತಳ್ಳುತ್ತದೆ. ನಮ್ಮ ಉಸಿರಿನ ಅನಿಲವೇ ಅಲ್ಲಿ ಕತ್ತಿ!

ಇದೇ ಕಟರ್ ಸ್ಟೇನ್‌ಲೆಸ್ ಸ್ಟೀಲಿಗೆ ಸೋಲುತ್ತದೆ. ಅದರೊಳಗಿನ ಕ್ರೋಮಿಯಂ ಸುಲಭಕ್ಕೆ ಕರಗದ ಪದರ ಕಟ್ಟಿ ಉರಿಯನ್ನು ತಡೆಯುತ್ತದೆ. ಅಲ್ಯೂಮಿನಿಯಂ 660 ಡಿಗ್ರಿಗೇ ಕರಗಿದರೂ ಅದರ ಮೈಮೇಲಿನ ಆಕ್ಸೈಡ್ 2000 ಡಿಗ್ರಿ ದಾಟುವವರೆಗೂ ಜಗ್ಗುವುದಿಲ್ಲ. ಇವಕ್ಕೆಲ್ಲ ಪ್ಲಾಸ್ಮಾ ಕಟರ್ ಬೇಕು, ಇಲ್ಲವೇ ಗಾರ್ನೆಟ್ ಮರಳು ಬೆರೆಸಿ ಚಿಮ್ಮಿಸುವ ನೀರು.

ಹಾಗಾದರೆ ವಜ್ರ? ಸುರಪುರ, ಶಹಾಪುರದ ಸೀಮೆಯನ್ನು ಸೋಕಿ ಹರಿಯುವ ಕೃಷ್ಣೆಯ ಕೆಳದಂಡೆಯಲ್ಲೇ ಲೋಕಪ್ರಸಿದ್ಧ ಕೊಲ್ಲೂರು ವಜ್ರದ ಗಣಿಯಿತ್ತು. ಎಲ್ಲಕ್ಕಿಂತ ಗಟ್ಟಿಯಾದ ಆ ಹರಳು ಉಕ್ಕಿನ ಮುಂದೆ ಮಾತ್ರ ಬೇಗ ಸವೆಯುತ್ತದೆ. ವಜ್ರವೆಂದರೆ ಕಾರ್ಬನ್, ಉಜ್ಜಾಟದ ಬಿಸಿಯಲ್ಲಿ ಕಬ್ಬಿಣ ಆ ಕಾರ್ಬನ್ನನ್ನು ತನ್ನೊಳಗೆ ಹೀರಿಕೊಳ್ಳುತ್ತದೆ. ಅದಕ್ಕೇ ಕಾರ್ಖಾನೆಗಳಲ್ಲಿ ಗಡಸು ಉಕ್ಕಿಗೆ ಬೋರಾನ್ ನೈಟ್ರೈಡಿನ ಅಲಗು ಬಳಸುತ್ತಾರೆ. ವಜ್ರ ಕಬ್ಬಿಣಕ್ಕೆ ಸೋಲುವುದೇ ನನಗಂತೂ ಇಡೀ ವಿಷಯದಲ್ಲಿ ಅತ್ಯಂತ ಬೆರಗಿನ ಸಂಗತಿ.

ಕಥೆಗಳ ಲೆಕ್ಕ ಬೇರೆ. ಸಿನಿಮಾದ ರಾಜಕುಮಾರ ಒಂದೇ ಏಟಿಗೆ ಸರಪಳಿ ಕಡಿಯುತ್ತಾನೆ. ವಾಲ್ಟರ್ ಸ್ಕಾಟ್ 1825ರ ‘ದಿ ಟಾಲಿಸ್ಮನ್’ ಕಾದಂಬರಿಯಲ್ಲಿ ಇಂಗ್ಲೆಂಡಿನ ರಿಚರ್ಡ್ ದೊರೆಯ ಕೈಯಿಂದ ಗದೆಯ ಲೋಹದ ಹಿಡಿಯನ್ನೇ ತುಂಡು ಮಾಡಿಸುತ್ತಾನೆ. ಎದುರು ನಿಂತ ಸುಲ್ತಾನ ಸಲಾದಿನ್ ಸೀಳುವುದು ರೇಷ್ಮೆಯ ದಿಂಬನ್ನು. ಸಲಾದಿನ್ ಹಿಡಿದಂಥ ಡಮಾಸ್ಕಸ್ ಕತ್ತಿಗಳಿಗೆ ಹೆಸರು ತಂದದ್ದು ದಕ್ಷಿಣ ಭಾರತದ ಮೂಸೆಗಳಲ್ಲಿ ಬೆಂದ ಉಕ್ಕು. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಆ ಕುಲುಮೆಗಳನ್ನು ಕಂಡು ಬರೆದಿಟ್ಟಿದ್ದಾನೆ. ಕಬ್ಬಿಣದ ಜೊತೆ ತಂಗಡಿ ಗಿಡದ ಕಡ್ಡಿಯನ್ನೂ ಮೂಸೆಯೊಳಗೆ ಮುಚ್ಚಿಡುತ್ತಿದ್ದರು. ಉಕ್ಕಿಗೆ ಕಾರ್ಬನ್ ಸಿಗುತ್ತಿದ್ದದ್ದು ಅದರಿಂದ. ನಮ್ಮ ಹೊಲದ ಬದುವಿನಲ್ಲಿ ಹಳದಿ ಹೂ ಬಿಡುವ ಅದೇ ತಂಗಡಿ! 2006ರಲ್ಲಿ ಜರ್ಮನಿಯ ಡ್ರೆಸ್ಡನ್ನಿನ ವಿಜ್ಞಾನಿಗಳು ಹಳೆಯ ಡಮಾಸ್ಕಸ್ ಕತ್ತಿಯೊಂದರಲ್ಲಿ ಕಾರ್ಬನ್ ನ್ಯಾನೊ ಕೊಳವೆಗಳನ್ನೂ ಕಂಡರು.

ಆದರೂ ಆ ಉಕ್ಕಿನಿಂದ ಕಬ್ಬಿಣದ ಸರಳಿಗೆ ಹೊಡೆದರೆ ಅಲಗು ಮುಕ್ಕಾಗುವುದೇ ಹೆಚ್ಚು. ಗಡಸಾದಷ್ಟೂ ಲೋಹ ಪೆಡಸು. ಈ ಗುಟ್ಟು ಗೊತ್ತಿರುವ ಕಮ್ಮಾರರು ಉಳಿ ಮಾಡುವಾಗ ಬಾಯಿಗಷ್ಟೇ ನೀರು ಕುಡಿಸಿ ಗಡಸು ಮಾಡುತ್ತಾರೆ; ಸುತ್ತಿಗೆ ಬೀಳುವ ತಲೆಯನ್ನು ಮೆತ್ತಗೇ ಬಿಡುತ್ತಾರೆ.