ಎಲ್ಲ ಲೋಪವೂ ಕೇಡಲ್ಲ

ತಳೇಗಾಂವ ದಾಭಾಡೆಯಲ್ಲಿ 1995ರಿಂದ ವೈದ್ಯಕೀಯ ಕಾಲೇಜುಂಟು. ಆದರೂ ರಕ್ತದ ಕ್ಯಾನ್ಸರಿನ ವರದಿಯಲ್ಲಿ ‘ಜೀನ್ ಲೋಪ’ವೆಂದು ಕಂಡರೆ ನಮ್ಮ ಮನೆಗಳಲ್ಲಿ ದೀಪ ಆರಿದಂತಾಗುತ್ತದೆ. ಎಲ್ಲ ಲೋಪವೂ ಒಂದೇ ಅಲ್ಲವೆಂದು ವಾಚಕರಿಗೆ ತಿಳಿಸಬಯಸುತ್ತೇವೆ.

ಬಿ-ಕಣವು ಪ್ರತಿಕಾಯದ ಹಗುರ ಸರಪಣಿಗಾಗಿ ಜೀನಿನ ತುಂಡುಗಳನ್ನು ಕತ್ತರಿಸಿ ಜೋಡಿಸುತ್ತದೆ. ಪ್ರತಿಕಾಯದ ಜೀನುಗಳ ಈ ಜೋಡಣೆಯನ್ನು 1976ರಲ್ಲಿ ತೋರಿಸಿಕೊಟ್ಟ ಟೊನೆಗಾವಾ ಅವರಿಗೆ 1987ರಲ್ಲಿ ನೊಬೆಲ್ ಬಂದಿತು. ಸಾಮಾನ್ಯವಾಗಿ ಮೊದಲು 2ನೆಯ ವರ್ಣತಂತುವಿನ ಕಪ್ಪಾ. ಅದು ಕೂಡಿಬರದಿದ್ದರೆ 22ನೆಯದರ ಲ್ಯಾಂಬ್ಡಾ. ಆಗ ನಡುವಿನ ತುಂಡು ಉದುರಿಹೋಗುವುದುಂಟು, ಅಲ್ಲಿರುವ ‘ಪ್ರೇಮ್’ ಎಂಬ ಜೀನೂ (ಹೆಸರು ಕೇಳಿ ನಗಬೇಡಿರಿ) ಅದರೊಡನೆ! ದೀರ್ಘಕಾಲದ ಲಿಂಫೊಸೈಟಿಕ್ ಲ್ಯುಕೇಮಿಯಾದಲ್ಲಿ ಕಾಣುವ ಈ ಲೋಪ ಬಹುಪಾಲು ಹಳೆಯ ಜೋಡಣೆಯ ಗುರುತು, ಹೊಸ ಕೇಡಲ್ಲ.

17ನೆಯದರಲ್ಲಿ ಟಿಪಿ53 ಜೀನು ಹೋಗಿದ್ದರೆ ಮಾತು ಬೇರೆ: ಹಳೆಯ ಕೀಮೋ ಸರಿಯಾಗಿ ನಾಟುವುದಿಲ್ಲ; ವೈದ್ಯರು ಇಬ್ರುಟಿನಿಬ್‌ನಂಥ ಮಾತ್ರೆಗಳ ಕಡೆ ನೋಡುತ್ತಾರೆ.