ಹಳೆ ಎಲೆಕ್ಟ್ರಿಕ್ ಗಿಟಾರ್‌ನ ನಾದದ ಗುಟ್ಟು ಅದರ ವಯಸ್ಸಿನಲ್ಲಿದೆಯೇ?

"ಗಿಟಾರ್ ಹಳೆಯದಾದಷ್ಟೂ ಮರ ಒಣಗಿ ನಾದ ಇಂಪಾಗುತ್ತದೆ, ಅದಕ್ಕೇ ಅಷ್ಟೊಂದು ಬೆಲೆ" ಎಂಬ ಮಾತನ್ನು ನೀವೂ ಕೇಳಿರಬಹುದು. ಎಲೆಕ್ಟ್ರಿಕ್ ಗಿಟಾರ್ ವಿಷಯದಲ್ಲಿ ಇದು ಎಷ್ಟು ನಿಜ? ಅಮೆರಿಕದ ಫೆಂಡರ್ ಕಂಪನಿಯ ಎರಡು ಹಳೆ ಮಾದರಿಗಳನ್ನು ಹೋಲಿಸಿ ನೋಡೋಣ: 1958ರ ಜಾಝ್‌ಮಾಸ್ಟರ್ ಮತ್ತು 1962ರ ಜಾಗ್ವಾರ್. ದೂರದಿಂದ ನೋಡಿದರೆ ಎರಡೂ ಅಣ್ಣತಮ್ಮಂದಿರಂತಿವೆ. ದನಿ ಮಾತ್ರ ಬೇರೆ ಬೇರೆ.

ಪಿಕಪ್ ಬೇರೆ, ದನಿ ಬೇರೆ

ಅಕೌಸ್ಟಿಕ್ ಗಿಟಾರ್‌ನಲ್ಲಿ ಮರದ ಹಲಗೆಯೇ ಅದುರಿ ಸದ್ದನ್ನು ದೊಡ್ಡದು ಮಾಡುತ್ತದೆ. ಎಲೆಕ್ಟ್ರಿಕ್ ಗಿಟಾರ್‌ನಲ್ಲಿ ಆ ಕೆಲಸ ಆಂಪ್ಲಿಫೈಯರ್‌ನದು. ಉಕ್ಕಿನ ತಂತಿಗಳ ಅದುರುವಿಕೆಯನ್ನು ಅವುಗಳ ಕೆಳಗಿರುವ ಪಿಕಪ್ ವಿದ್ಯುತ್ ಸಂಕೇತವಾಗಿ ಬದಲಿಸುತ್ತದೆ. ಪಿಕಪ್ ಎಂದರೆ ಅಯಸ್ಕಾಂತ ಮತ್ತು ಅದರ ಸುತ್ತಲಿನ ತಾಮ್ರದ ಸುರುಳಿ. ಜಾಝ್‌ಮಾಸ್ಟರ್‌ನ ಸುರುಳಿ ಅಗಲ ಮತ್ತು ಚಪ್ಪಟೆ. ದನಿ ತುಂಬಿಕೊಂಡು, ಮೆತ್ತಗೆ ಬರುತ್ತದೆ. ಜಾಗ್ವಾರ್‌ನ ಪಿಕಪ್ ಕಿರಿದು, ಅದರ ಬದಿಯಲ್ಲಿ ಹಲ್ಲುಗಳಿರುವ ಲೋಹದ ಪಟ್ಟಿಯಿದೆ. ದನಿ ಹರಿತ.

ತಂತಿಯ ಉದ್ದ

ಜಾಝ್‌ಮಾಸ್ಟರ್‌ನಲ್ಲಿ ಮಿಡಿಯುವ ತಂತಿಯ ಉದ್ದ 25.5 ಇಂಚು, ಜಾಗ್ವಾರ್‌ನಲ್ಲಿ 24 ಇಂಚು. ಅದೇ ತಂತಿ ಹಾಕಿ ಅದೇ ಶ್ರುತಿಗೆ ತಂದರೆ ಜಾಗ್ವಾರ್‌ನಲ್ಲಿ ಬಿಗಿತ ಸುಮಾರು ಶೇ. 11ರಷ್ಟು ಕಡಿಮೆ. ಬೆರಳಿಗೆ ತಂತಿ ಸಡಿಲ ಅನಿಸುತ್ತದೆ.

ಗೊಂದಲ ಹುಟ್ಟಿಸುವ ಸ್ವಿಚ್‌ಗಳು

ಎರಡರಲ್ಲೂ ಮೇಲ್ಭಾಗದಲ್ಲಿ ಒಂದು ಚಿಕ್ಕ ಸ್ವಿಚ್ ಮತ್ತು ಎರಡು ಉರುಳುವ ಚಕ್ರಗಳಿವೆ. ಆ ಸ್ವಿಚ್ ಹಾಕಿದರೆ ಕುತ್ತಿಗೆಯ ಬಳಿಯ ಪಿಕಪ್ ಮಾತ್ರ ಕೆಲಸ ಮಾಡುತ್ತದೆ, ದನಿ ಮಂಕಾಗುತ್ತದೆ, ಕೆಳಗಿನ ನಾಬ್‌ಗಳನ್ನು ತಿರುಗಿಸಿದರೂ ಏನೂ ಆಗದು. ಇದು ಕೆಟ್ಟಿರುವುದಲ್ಲ, ವಿನ್ಯಾಸವೇ ಹಾಗೆ.

ಪಿಕಪ್ ಆರಿಸಲು ಜಾಝ್‌ಮಾಸ್ಟರ್‌ನಲ್ಲಿ ಮೂರು ಸ್ಥಾನಗಳ ಒಂದೇ ಸ್ವಿಚ್ ಇದೆ. ಜಾಗ್ವಾರ್‌ನಲ್ಲಿ ಕೆಳಗಡೆ ಮೂರು ಜಾರುವ ಸ್ವಿಚ್‌ಗಳು: ಎರಡು ಆಯಾ ಪಿಕಪ್ ಆನ್-ಆಫ್ ಮಾಡಲು, ಮೂರನೆಯದು ಮಂದ್ರ ಸ್ವರಗಳನ್ನು ತಗ್ಗಿಸಲು. ಎರಡೂ ಪಿಕಪ್ ಆಫ್ ಆಗಿದ್ದರೆ ಸದ್ದೇ ಬರುವುದಿಲ್ಲ. ಇದು ತಿಳಿಯದಿದ್ದರೆ ಚೆನ್ನಾಗಿರುವ ಗಿಟಾರ್ ರಿಪೇರಿಗೆ ಹೋಗಬಹುದು.

ಬೆಲೆ ಹೇಳುವುದೇನು?

ಈ ಎರಡೂ ಗಿಟಾರ್‌ಗಳು 1980ರ ದಶಕದಲ್ಲಿ ಅಮೆರಿಕದ ಸೆಕೆಂಡ್‌ಹ್ಯಾಂಡ್ ಅಂಗಡಿಗಳಲ್ಲಿ ಅಗ್ಗವಾಗಿ ಸಿಗುತ್ತಿದ್ದವು. ಸೋನಿಕ್ ಯೂತ್ ತಂಡ ಜಾಝ್‌ಮಾಸ್ಟರ್ ನುಡಿಸಿತು, ನಿರ್ವಾಣ ತಂಡದ ಕರ್ಟ್ ಕೊಬೈನ್ 1965ರ ಜಾಗ್ವಾರ್ ನುಡಿಸಿದರು. ಆಮೇಲೆ ಬೇಡಿಕೆ ಏರಿತು, ಬೆಲೆಯೂ ಏರಿತು. ಸಂಗ್ರಹಕಾರರು ಅಪರೂಪಕ್ಕೆ, ಮೂಲ ಬಿಡಿಭಾಗಗಳಿಗೆ, ಹೆಸರಿಗೆ ಹಣ ಕೊಡುತ್ತಾರೆ.

ಹಾಗಾದರೆ ವಯಸ್ಸಿನಿಂದ ಏನೂ ಆಗುವುದಿಲ್ಲವೇ? ಆಗುತ್ತದೆ. ಸ್ವಿಚ್‌ಗೆ ತುಕ್ಕು ಹಿಡಿಯುತ್ತದೆ, ನಾಬ್‌ನೊಳಗೆ ಧೂಳು ಸೇರಿ ಕರಕರ ಎನ್ನುತ್ತದೆ, ಹಿಂದಿನ ಮಾಲೀಕರು ಪಿಕಪ್ಪನ್ನೇ ಬದಲಿಸಿರಬಹುದು.

ಆದ್ದರಿಂದ ಹಳೆ ಗಿಟಾರ್‌ಗೆ ಮುಂಗಡ ಕೊಡುವ ಮುನ್ನ ಆಂಪ್ಲಿಫೈಯರ್‌ಗೆ ಜೋಡಿಸಿ, ಪ್ರತಿ ಸ್ವಿಚ್ ಹಾಕಿ, ಪ್ರತಿ ನಾಬ್ ತಿರುಗಿಸಿ ಕೇಳಿ. ತಯಾರಾದ ವರ್ಷವನ್ನು ಆಮೇಲೆ ವಿಚಾರಿಸಿದರಾಯಿತು. ಗಿಟಾರ್ ಕೊಳ್ಳಲು ಹೊರಟಿರುವ ಗೆಳೆಯರಿದ್ದರೆ ಅವರಿಗೂ ಇದನ್ನು ಕಳಿಸಿ.