ಮೊಲದ ಕೊಂಬಿಗೊಂದು ಕ್ಯಾಟಲಾಗ್ ಕಾರ್ಡು

ಪರೀಕ್ಷೆಗೆ ಹತ್ತು ದಿನ ಉಳಿದಿರುವಾಗ ಬಿ.ಕಾಂ. ಹುಡುಗನೊಬ್ಬ ಗ್ರಂಥಾಲಯದ ಕೌಂಟರಿಗೆ ಬಂದು ನಿಂತ. ಕೈಯಲ್ಲೊಂದು ಚೀಟಿ. “ಸಾರ್, ಕಂಪ್ಯೂಟರಲ್ಲಿ ಇದೆ ಅಂತ ತೋರಿಸ್ತಿದೆ, ರ‍್ಯಾಕಲ್ಲಿ ಎಲ್ಲೂ ಸಿಗ್ತಿಲ್ಲ.” ಚೀಟಿ ನೋಡಿದೆ. ಪುಸ್ತಕ: ‘ಪರೀಕ್ಷೆ ಪುಸ್ತಕ 3’. ಲೇಖಕರು: ಕಖಗ ಘಙ.

“ಇದ್ಯಾರಪ್ಪಾ ಈ ಲೇಖಕರು?” ಎಂದೆ.

“ಹೆಸರು ಸರಿಯಾಗಿ ಬಂದಿಲ್ಲ ಅನ್ಸುತ್ತೆ ಸಾರ್. ಆದ್ರೆ ಪರೀಕ್ಷೆ ಪುಸ್ತಕ ಅಂತ ಇದೆಯಲ್ಲ, ಹಳೇ ಪ್ರಶ್ನೆಪತ್ರಿಕೆಗಳೆಲ್ಲ ಇರ್ತವೇನೋ ಅಂತ...”

ತಪ್ಪು ನನ್ನದೇ. ಹಳೆಯ ತಂತ್ರಾಂಶ ಬಿಟ್ಟು ಹೊಸದಕ್ಕೆ ಹೋಗುವ ಮೊದಲು ಅದನ್ನು ಒರೆಗೆ ಹಚ್ಚಲೆಂದು ಇಪ್ಪತ್ತು ಸುಳ್ಳು ದಾಖಲೆ ತುಂಬಿದ್ದೆ. ಕೆಲಸ ಮುಗಿದ ಮೇಲೆ ಎಲ್ಲವನ್ನೂ ಅಳಿಸಿದೆ ಅಂದುಕೊಂಡಿದ್ದೆ, ಮೂರು ಉಳಿದುಬಿಟ್ಟಿದ್ದವು. ನನ್ನ ಪರೀಕ್ಷೆ ಬೇರೆ, ಅವನ ಪರೀಕ್ಷೆ ಬೇರೆ ಎಂದು ಕ್ಯಾಟಲಾಗಿಗೆ ಹೇಗೆ ಗೊತ್ತಾಗಬೇಕು? ಪಾಪ, ಅದು ‘ಲಭ್ಯವಿದೆ’ ಎಂದು ಹೇಳುತ್ತಲೇ ಇತ್ತು.

ಸುಳ್ಳು ದಾಖಲೆ ಬರೆಯುವುದೂ ಒಂದು ಕಸುಬು ಎಂದು ನನಗೆ ಹೊಳೆದದ್ದು ಆವತ್ತು. ಯಂತ್ರ ಅದನ್ನು ಪೂರ್ತಿ ನಂಬಬೇಕು, ಮನುಷ್ಯ ಒಂದು ಕ್ಷಣವೂ ನಂಬಬಾರದು. ನನ್ನ ‘ಪರೀಕ್ಷೆ ಪುಸ್ತಕ’ ಆ ಎರಡನೆಯದರಲ್ಲಿ ಫೇಲಾಗಿತ್ತು. ಯಂತ್ರದ ಕಡೆಯಿಂದಲೂ ಅದರಲ್ಲಿ ಕೊರತೆಯಿತ್ತು ಎನ್ನುವುದು ಗೊತ್ತಾದದ್ದು ಆಮೇಲೆ.

ಕ್ಯಾಟಲಾಗ್ ಕಾರ್ಡನ್ನು ಯಂತ್ರ ಓದುವಂತೆ ಮಾಡಿದವರು ಅಮೆರಿಕದ ಹೆನ್ರಿಯೆಟ್ ಆವ್ರಾಮ್. 1965ರಲ್ಲಿ ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ ಸೇರಿದಾಗ ಆಕೆ ಗ್ರಂಥಪಾಲಕಿ ಅಲ್ಲ, ಪ್ರೋಗ್ರಾಮರ್. ಕಾರ್ಡಿನ ಮೇಲೆ ಕಣ್ಣಿಗೆ ಸಹಜವಾಗಿ ಕಾಣುವುದನ್ನೆಲ್ಲ ಯಂತ್ರಕ್ಕೆ ಒಂದೊಂದಾಗಿ ಹೆಸರಿಟ್ಟು ಹೇಳಬೇಕಿತ್ತು: ಇದು ಲೇಖಕ, ಇದು ಶೀರ್ಷಿಕೆ, ಇದು ಪುಟಸಂಖ್ಯೆ. ಹಾಗೆ ಹುಟ್ಟಿದ್ದು ‘ಮಾರ್ಕ್’. ಇವತ್ತಿಗೂ ನಮ್ಮ ಕಾಲೇಜುಗಳ ಗ್ರಂಥಪಾಲಕರು ‘ಟೂ ಫಾರ್ಟಿಫೈವ್’ ಅಂದರೆ ಶೀರ್ಷಿಕೆ, ‘ಹಂಡ್ರೆಡ್’ ಅಂದರೆ ಲೇಖಕ ಎಂದು ಮಾತಾಡಿಕೊಳ್ಳುವುದು ಆ ಲೆಕ್ಕದಲ್ಲೇ. 1966ರ ಕೊನೆಯಿಂದ ವಾರವಾರ ಮ್ಯಾಗ್ನೆಟಿಕ್ ಟೇಪುಗಳು ಆಯ್ದ 16 ಗ್ರಂಥಾಲಯಗಳಿಗೆ ಪ್ರಯೋಗಕ್ಕಾಗಿ ಹೋದವು. ಅವುಗಳಲ್ಲಿ ಇದ್ದದ್ದು ನಿಜವಾದ ಪುಸ್ತಕಗಳ ನಿಜವಾದ ವಿವರ. ಪುಸ್ತಕಕ್ಕೆ ಮುಚ್ಚಿಡುವಂಥ ಗುಟ್ಟೇನೂ ಇರುವುದಿಲ್ಲವಲ್ಲ, ಸುಳ್ಳು ಯಾಕೆ ಬೇಕು?

ಸುಳ್ಳು ಬೇಕಾದದ್ದು ಓದುಗರೂ ಯಂತ್ರದೊಳಗೆ ಬಂದ ಮೇಲೆ. ಯಾರು ಯಾವ ಪುಸ್ತಕ ಒಯ್ದರು, ಯಾರ ಮೇಲೆ ಎಷ್ಟು ಫೈನು, ಯಾರ ಮನೆ ಎಲ್ಲಿ. ಇದನ್ನೆಲ್ಲ ಎತ್ತಿ ತಂತ್ರಾಂಶ ಬರೆಯುವವರ ಮೇಜಿನ ಮೇಲೆ ಇಡುವಂತಿಲ್ಲ. ಒಬ್ಬ ಹೆಣ್ಣುಮಗಳು ಯಾವ ಕಾಯಿಲೆಯ ಪುಸ್ತಕ ಓದಿದಳು ಎನ್ನುವುದು ಅವಳಿಗೂ ಗ್ರಂಥಾಲಯಕ್ಕೂ ಬಿಟ್ಟ ಮಾತು. ಹಾಗಾಗಿ ಇಲ್ಲದ ಊರು ಕಟ್ಟಿ, ಅಲ್ಲಿ ಇಲ್ಲದ ಜನರನ್ನು ಕೂರಿಸಬೇಕಾಯಿತು.

ಕರ್ನಾಟಕದಲ್ಲೂ ಎಷ್ಟೋ ಕಾಲೇಜುಗಳು ಬಳಸುವ ಕೋಹಾ ತಂತ್ರಾಂಶ ಹುಟ್ಟಿದ್ದು ನ್ಯೂಜಿಲೆಂಡಿನ ಹೊರೊಫೆನುವಾ ಎಂಬಲ್ಲಿ. ಅಲ್ಲಿಯ ಗ್ರಂಥಾಲಯದ ಹಳೆಯ ತಂತ್ರಾಂಶ 2000ನೇ ಇಸವಿ ದಾಟುವಂತಿರಲಿಲ್ಲ. 1999ರಲ್ಲಿ ಹೊಸದನ್ನು ಬರೆಸಿ, 2000ದ ಜನವರಿಯ ಮೊದಲ ವಾರದಲ್ಲಿ ಬಳಕೆಗೆ ತಂದು, ಆಮೇಲೆ ಎಲ್ಲರಿಗೂ ಮುಕ್ತವಾಗಿ ಕೊಟ್ಟುಬಿಟ್ಟರು. ಮಾವೊರಿ ಭಾಷೆಯಲ್ಲಿ ಕೋಹಾ ಎಂದರೆ ಉಡುಗೊರೆ. ಅದನ್ನು ಸ್ಥಾಪಿಸುವಾಗ ‘ಮಾದರಿ ದತ್ತಾಂಶ ಬೇಕೇ?’ ಎಂದು ಕೇಳುತ್ತದೆ. ಹೂಂ ಎಂದರೆ ಸೆಂಟರ್‌ವಿಲ್, ಫೇರ್‌ಫೀಲ್ಡ್, ಸ್ಪ್ರಿಂಗ್‌ಫೀಲ್ಡ್, ಪ್ಲೆಸೆಂಟ್ ವ್ಯಾಲಿ ಎಂಬ ಶಾಖೆಗಳು ಎದ್ದು ನಿಲ್ಲುತ್ತವೆ. ಎಲ್ಲವೂ ಅಮೆರಿಕದಲ್ಲಿ ಹೋದಲ್ಲಿ ಬಂದಲ್ಲಿ ಸಿಗುವ ಊರಿನ ಹೆಸರುಗಳು, ನಮ್ಮ ಹೊಸಹಳ್ಳಿ, ರಾಮಪುರಗಳ ಹಾಗೆ. ಯಾವ ಊರೂ ಅಲ್ಲದ ಊರಿಗೆ ಎಲ್ಲ ಕಡೆಯೂ ಇರುವ ಹೆಸರೇ ಸರಿ. ಅದನ್ನು ಆರಿಸಿದವರ ಜಾಣತನಕ್ಕೆ ನಾನು ಈಗ ತಲೆದೂಗುತ್ತೇನೆ. ಅಮೆರಿಕದ ಜಾರ್ಜಿಯಾದಲ್ಲಿ 2006ರಲ್ಲಿ ಬಳಕೆಗೆ ಬಂದ ಎವರ್‌ಗ್ರೀನ್ ಎಂಬ ತಂತ್ರಾಂಶ ಇನ್ನೂ ನೇರ: ‘ಎಕ್ಸಾಂಪಲ್ ಬ್ರಾಂಚ್ 1’, ‘ಎಕ್ಸಾಂಪಲ್ ಬುಕ್‌ಮೊಬೈಲ್ 1’. ಅದರ ಮಾದರಿ ದಾಖಲೆಗಳ ಒಂದು ಕಂತೆಗೆ ‘ಕನ್ಚೆರ್ಟೊ’ ಎಂದೇ ಹೆಸರು, ಸಂಗೀತದ ದಾಖಲೆಗಳ ಗಂಟು ಅದು.

ಕೋಹಾದೊಳಗೆ ‘ಟೆಸ್ಟ್‌ಬಿಲ್ಡರ್’ ಎಂಬ ಇನ್ನೊಂದು ಚಮತ್ಕಾರ ಇದೆ. ಒಂದು ಎರವಲಿನ ದಾಖಲೆ ಬೇಕು ಎಂದು ಕೇಳಿದರೆ ಸಾಕು. ಎರವಲಿಗೆ ಓದುಗ ಬೇಕು, ಓದುಗನಿಗೆ ಶಾಖೆ ಬೇಕು, ಒಯ್ಯಲು ಪ್ರತಿ ಬೇಕು, ಪ್ರತಿಗೆ ಪುಸ್ತಕ ಬೇಕು ಎಂದು ತಾನೇ ಲೆಕ್ಕ ಹಾಕಿ, ಕೊಡದ ವಿವರಗಳಿಗೆಲ್ಲ ಬಾಯಿಗೆ ಬಾರದ ಅಕ್ಷರಗಳನ್ನು ತುಂಬಿ, ಇಡೀ ಸಂಸಾರವನ್ನು ಹೂಡುತ್ತದೆ. ಪರೀಕ್ಷೆ ಮುಗಿದ ಕೂಡಲೇ ಡೇಟಾಬೇಸ್ ಹಿಂದಕ್ಕೆ ಸರಿಯುತ್ತದೆ, ಎಲ್ಲವೂ ನೀರ ಮೇಲಿನ ಗುಳ್ಳೆ. ಈ ಬುದ್ಧಿಯನ್ನು ನಾನೂ ಕಲಿತಿದ್ದರೆ ಬಿ.ಕಾಂ. ಹುಡುಗ ರ‍್ಯಾಕುಗಳ ನಡುವೆ ಅಲೆಯುತ್ತಿರಲಿಲ್ಲ.

ಆದರೆ ಸ್ಪ್ರಿಂಗ್‌ಫೀಲ್ಡಿನ ಜನರನ್ನು ನಂಬಿಕೊಂಡು ಕನ್ನಡ ಗ್ರಂಥಾಲಯದ ಬಾಗಿಲು ತೆರೆದರೆ ಕತೆ ಕೆಡುತ್ತದೆ. ಮಾರ್ಕ್ ದಾಖಲೆಯ ಆರಂಭದಲ್ಲಿ ಒಂದು ಕೋಷ್ಟಕ ಇರುತ್ತದೆ: ಯಾವ ವಿವರ ಎಷ್ಟು ಉದ್ದ, ಎಲ್ಲಿಂದ ಶುರು. ಇಂದಿನ ಯೂನಿಕೋಡ್ ದಾಖಲೆಗಳಲ್ಲಿ ಈ ಅಳತೆ ಅಕ್ಷರಗಳಲ್ಲಿ ಅಲ್ಲ, ಬೈಟುಗಳಲ್ಲಿ. ಇಂಗ್ಲಿಷಿನಲ್ಲಿ ಒಂದು ಅಕ್ಷರಕ್ಕೆ ಒಂದು ಬೈಟು, ಆದ್ದರಿಂದ ಎರಡೂ ಒಂದೇ. ‘ಕನ್ನಡ’ ಎಂಬ ಪದ ತೆಗೆದುಕೊಳ್ಳಿ. ಕಣ್ಣಿಗೆ ಮೂರು ಅಕ್ಷರ. ಯಂತ್ರಕ್ಕೆ ಕ, ನ, ಹಲಂತ, ನ, ಡ ಎಂದು ಐದು ಸಂಕೇತ. ಒಂದೊಂದಕ್ಕೆ ಮೂರರಂತೆ 15 ಬೈಟು. ತಂತ್ರಾಂಶ ಬರೆದವನು ಬೈಟು ಎಣಿಸುವ ಬದಲು ಸಂಕೇತ ಎಣಿಸಿದ್ದರೆ, ಇಂಗ್ಲಿಷ್ ಮಾದರಿಗಳ ಮೇಲೆ ಎಷ್ಟು ವರ್ಷ ಪರೀಕ್ಷೆ ಮಾಡಿದರೂ ಆ ತಪ್ಪು ಕಾಣದು. ಮೊದಲ ಕನ್ನಡ ಶೀರ್ಷಿಕೆ ಒಳಗೆ ಹೋದ ದಿನ ಶೀರ್ಷಿಕೆಯ ಬಾಲ ಕಡಿದು ಮುಂದಿನ ವಿವರಕ್ಕೆ ಅಂಟಿಕೊಳ್ಳುತ್ತದೆ.

ಇನ್ನು ಕಣ್ಣಿಗೆ ಕಾಣದ ತೊಡಕುಗಳು. ‘ಕೊ’ ಎಂಬುದರ ಒತ್ವದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಕೊಂಬಿನ ದೀರ್ಘ ಎಂದು ಎರಡಾಗಿ ಒಡೆದೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ. ಎರಡನ್ನೂ ಒಂದು ಮಾಡುವ ಏರ್ಪಾಡು ಇಲ್ಲದಿದ್ದರೆ ಒಂದನ್ನು ಹುಡುಕಿದರೆ ಇನ್ನೊಂದು ಸಿಗದು. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ವಕಾರ ಒತ್ತಾಗದಂತೆ ನಡುವೆ ಒಂದು ಅಗೋಚರ ಸಂಕೇತ ಹಾಕುತ್ತೇವೆ. ಹುಡುಕುವವನು ಅದನ್ನು ಹಾಕದೆ ಟೈಪು ಮಾಡಿರುತ್ತಾನೆ. ಹಳೆಯ ಪುಸ್ತಕಗಳಲ್ಲಿ ಇಸವಿಯೇ ಇರುವುದಿಲ್ಲ, ಕ್ಯಾಟಲಾಗಿನಲ್ಲಿ ‘19--?’ ಎಂದು ಬರೆದಿರುತ್ತೇವೆ. ಅಂಕಿಯನ್ನೇ ಕಾಯುತ್ತಿದ್ದ ತಂತ್ರಾಂಶ ಅಲ್ಲೇ ಮುಗ್ಗರಿಸುತ್ತದೆ.

ಹೆಸರಿನ ವಿಷಯವಂತೂ ಕೇಳಲೇಬೇಡಿ. ಸುಳ್ಳು ಹೆಸರು ಹುಟ್ಟಿಸುವ ‘ಫೇಕರ್’ ಥರದ ಸಾಧನಗಳು ಸಾಮಾನ್ಯವಾಗಿ ಮೊದಲ ಹೆಸರು, ಕೊನೆಯ ಹೆಸರು ಎಂದು ಎರಡು ಚೀಲದಿಂದ ಒಂದೊಂದು ಹೆಕ್ಕುತ್ತವೆ. ನಮ್ಮಲ್ಲಿ ತೀರ್ಥಪುರ ನಂಜುಂಡಯ್ಯ ಶ್ರೀಕಂಠಯ್ಯ ಇದ್ದಾರೆ, ಬೆಳ್ಳೂರು ಮೈಲಾರಯ್ಯ ಶ್ರೀಕಂಠಯ್ಯ ಇದ್ದಾರೆ. ಊರು, ತಂದೆ, ತಾನು. ಕೊನೆಯ ಹೆಸರಿನ ಮೇಲೆ ಜೋಡಿಸಿದರೆ ಇಬ್ಬರೂ ‘ಶ್ರೀಕಂಠಯ್ಯ’ನಡಿ ಹೋಗಿ ಕೂರುತ್ತಾರೆ. ಓದುಗ ಬಂದು ಹುಡುಕುವುದು ತೀನಂಶ್ರೀ, ಬಿಎಂಶ್ರೀ ಎಂದು. ‘ರಮೇಶ್ ಗೌಡ’ ಎಂಬ ಸುಳ್ಳು ಹೆಸರು ಈ ಯಾವ ದೋಷವನ್ನೂ ಹೊರಗೆ ಹಾಕುವುದಿಲ್ಲ. ನನ್ನ ‘ಕಖಗ ಘಙ’ ಕೂಡ ಅಷ್ಟೇ. ಒತ್ತಿಲ್ಲ, ಗುಣಿತವಿಲ್ಲ, ಇನಿಷಿಯಲ್ ಇಲ್ಲ. ಯಂತ್ರಕ್ಕೆ ಒಂದಿಷ್ಟೂ ಕಷ್ಟ ಕೊಡದ ಅಡ್ಡಕಸುಬಿ ಸುಳ್ಳು.

ಕಷ್ಟವೂ ಕೊಡಬೇಕು, ಮೋಸವೂ ಮಾಡಬಾರದು. ಇಂಟರ್ನೆಟ್ಟಿನವರು ಇದಕ್ಕೆ 1999ರಲ್ಲೇ ದಾರಿ ಮಾಡಿಕೊಂಡರು: ‘ಎಕ್ಸಾಂಪಲ್ ಡಾಟ್ ಕಾಂ’ ಎಂಬ ವಿಳಾಸವನ್ನು ಉದಾಹರಣೆಗೆಂದೇ ಮೀಸಲಿಟ್ಟರು. ಅಮೆರಿಕದ ಸಿನಿಮಾಗಳಲ್ಲಿ ಫೋನ್ ನಂಬರು 555ರಿಂದ ಶುರುವಾಗುವುದೂ ಅದಕ್ಕೇ. ಪುಸ್ತಕದ ಐಎಸ್‌ಬಿಎನ್ನಿನಲ್ಲಿ ಯಾಮಾರುವುದು ಸುಲಭ. 9781234567897 ಎಂದು ಬರೆದುಕೊಳ್ಳಿ. ಅಂಕಿಗಳನ್ನು ಒಂದರ ನಂತರ ಒಂದರಂತೆ 1ರಿಂದ, 3ರಿಂದ ಗುಣಿಸಿ ಕೂಡಿದರೆ 140 ಬರುತ್ತದೆ. 10ರಿಂದ ಭಾಗವಾಯಿತು, ನಂಬರು ಸಾಚಾ ಎನ್ನುತ್ತದೆ ಯಂತ್ರ. ಹೀಗೆ ಲೆಕ್ಕಕ್ಕೆ ಕೂರಿಸಿದ ಸುಳ್ಳು ನಂಬರು ಯಾವುದೋ ನಿಜವಾದ ಅಡುಗೆ ಪುಸ್ತಕದ್ದಾಗಿರಬಹುದು, ಅದರ ಮುಖಪುಟದ ಚಿತ್ರ ಬಂದು ನಿಮ್ಮ ‘ಪರೀಕ್ಷೆ ಪುಸ್ತಕ’ದ ಪಕ್ಕ ಕೂರಬಹುದು.

ಈ ಸಮಸ್ಯೆಗೆ ನಾನು ಕಂಡ ಅತಿ ಸೊಗಸಾದ ಉತ್ತರ ಒಬ್ಬ ಪ್ರೊಫೆಸರು. ಹೆಸರು ಜೋಸಾಯ ಕಾರ್ಬೆರಿ. 1929ರಲ್ಲಿ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ನೋಟಿಸ್ ಬೋರ್ಡಿನಲ್ಲಿ ಒಂದು ಚೀಟಿ ಕಾಣಿಸಿಕೊಂಡಿತು: ಜೆ.ಎಸ್. ಕಾರ್ಬೆರಿಯವರು ಪ್ರಾಚೀನ ಗ್ರೀಕ್ ವಾಸ್ತುವಿಗೂ ಅಯೋನಿಯನ್ ಧ್ವನಿಶಾಸ್ತ್ರಕ್ಕೂ ಇರುವ ನಂಟಿನ ಬಗ್ಗೆ ಉಪನ್ಯಾಸ ನೀಡುತ್ತಾರೆ ಎಂದು. ಅಂಥ ಮನುಷ್ಯ ಇರಲೇ ಇಲ್ಲ. ಬೆನ್ ಕ್ಲಫ್ ಎಂಬ ಅಧ್ಯಾಪಕರು ಅದನ್ನು ನೋಡಿ ಒಂದೇ ಪದ ಸೇರಿಸಿದರು. ‘ನೀಡುತ್ತಾರೆ’ ಎಂದಿದ್ದದ್ದು ‘ನೀಡುವುದಿಲ್ಲ’ ಎಂದಾಯಿತು. ಯಾರಪ್ಪಾ ಈ ಕಾರ್ಬೆರಿ ಎಂದು ಕೇಳಿದವರಿಗೆ ಜಾನ್ ಸ್ಪೇತ್ ಎಂಬ ಇನ್ನೊಬ್ಬ ಪ್ರಾಧ್ಯಾಪಕರು ಹೆಂಡತಿ ಮಕ್ಕಳ ವಿವರ ಸಮೇತ ಉತ್ತರ ಕೊಟ್ಟರು. ಕಾರ್ಬೆರಿಯವರ ವಿಷಯ ‘ಸೈಕೋಸಿರಾಮಿಕ್ಸ್’, ಅಂದರೆ ಒಡಕು ಮಡಕೆಗಳ ಶಾಸ್ತ್ರ. ನಾವು ‘ಸ್ಕ್ರೂ ಲೂಸ್’ ಎನ್ನುವವನನ್ನು ಅವರು ಒಡಕು ಮಡಕೆ ಎನ್ನುತ್ತಾರೆ. 1955ರ ಮೇ 13, ಶುಕ್ರವಾರ, ಈ ಇಲ್ಲದ ಮನುಷ್ಯ ತನ್ನ ‘ಮುಂದೆ ದಿವಂಗತಳಾಗಲಿರುವ ಹೆಂಡತಿ’ಯ ನೆನಪಿಗೆಂದು ವಿಶ್ವವಿದ್ಯಾಲಯಕ್ಕೆ 101 ಡಾಲರ್ 1 ಸೆಂಟ್ ದತ್ತಿ ಕೊಟ್ಟ. 13ನೇ ತಾರೀಕು ಶುಕ್ರವಾರ ಬಿದ್ದಾಗಲೆಲ್ಲ ಕ್ಯಾಂಪಸ್ಸಿನಲ್ಲಿ ಒಡಕು ಮಡಕೆ ಇಟ್ಟು ಚಿಲ್ಲರೆ ಕೂಡಿಸುತ್ತಾರೆ. ಆ ದುಡ್ಡಿನಿಂದ ಗ್ರಂಥಾಲಯಕ್ಕೆ ಪುಸ್ತಕ ಬರುತ್ತದೆ, ನಿಜವಾದ ಪುಸ್ತಕ.

ಸಂಶೋಧಕರಿಗೆ ಗುರುತಿನ ಸಂಖ್ಯೆ ಕೊಡುವ ಆರ್ಕಿಡ್ 2012ರಲ್ಲಿ ಶುರುವಾಯಿತು. ಅದರ ಉದಾಹರಣೆಗಳಲ್ಲಿ ಬರುವ 0000-0002-1825-0097 ಕಾರ್ಬೆರಿಯದೇ. ಲೇಖನಗಳಿಗೆ ಡಿಒಐ ಸಂಖ್ಯೆ ಕೊಡುವ ಕ್ರಾಸ್‌ರೆಫ್ ಕೂಡ ‘ಜರ್ನಲ್ ಆಫ್ ಸೈಕೋಸಿರಾಮಿಕ್ಸ್’ ಎಂಬ ಇಲ್ಲದ ಪತ್ರಿಕೆ ಹುಟ್ಟುಹಾಕಿ, ಅದರಲ್ಲಿ ಆತನ ಲೇಖನ ‘ಪ್ರಕಟಿಸಿತು’. ಅದರ ಸಂಖ್ಯೆ 10.5555ರಿಂದ ಶುರು, ಸಿನಿಮಾದ ಫೋನ್ ನಂಬರು ನೆನಪಾಯಿತಲ್ಲ? ಲೆಕ್ಕ, ಕೊಂಡಿ, ಹೆಸರು ಎಲ್ಲವೂ ಯಂತ್ರದ ಪಾಲಿಗೆ ಅಪ್ಪಟ. ಓದಿದ ಮನುಷ್ಯ ಮಾತ್ರ ನಕ್ಕುಬಿಡುತ್ತಾನೆ.

ಕಾರ್ಬೆರಿ ನಮ್ಮಲ್ಲಿಲ್ಲ, ಆದರೆ ಇಲ್ಲದ್ದಕ್ಕೆ ಹೆಸರಿಡುವುದರಲ್ಲಿ ನಮ್ಮ ತರ್ಕಶಾಸ್ತ್ರದವರು ಬಹಳ ಹಿಂದೆಯೇ ಕೈ ಪಳಗಿಸಿಕೊಂಡವರು. ಮೊಲದ ಕೊಂಬು, ಗಗನಕುಸುಮ. ಆ ಸಂಜೆ ಕೂತು ಹೊಸ ದಾಖಲೆ ಬರೆದೆ. ಶೀರ್ಷಿಕೆ: ‘ಮೊಲದ ಕೊಂಬು ಸಾಫ್ಟ್‌ವೇರ್ ಕೈಪಿಡಿ’. ಲೇಖಕರು: ಇಲ್ಲದೂರು ಯಾರಪ್ಪ ಶೂನ್ಯಯ್ಯ, ಕಾವ್ಯನಾಮ ಇಯಾಶೂ. ಪ್ರಕಟಣೆ: ಗಗನಕುಸುಮ ಪ್ರಕಾಶನ, 19--? ಮೊ, ಕೊ ಎರಡೂ ಬಂದವು, ಅಗೋಚರ ಸಂಕೇತ ಬಂತು, ಊರು ತಂದೆ ತಾನು ಬಂದರು. ಹುಡುಕಿ ನೋಡಿದೆ. ‘ಸಾಫ್ಟ್‌ವೇರ್’ ಸಿಗಲಿಲ್ಲ, ಇಯಾಶೂ ಕೂಡ ಸಿಗಲಿಲ್ಲ. ಎರಡು ದೋಷ ಒಂದೇ ಏಟಿಗೆ ಕೈಗೆ ಸಿಕ್ಕಿದ ಖುಷಿಯಲ್ಲಿ ಹಳೆಯ ಮೂರನ್ನು ಅಳಿಸಲು ಹೊರಟೆ.

ಒಂದು ಹೋಯಿತು, ಎರಡು ಹೋಯಿತು. ‘ಪರೀಕ್ಷೆ ಪುಸ್ತಕ 3’ ಮಾತ್ರ ಜಪ್ಪಯ್ಯ ಎಂದರೂ ಹೋಗಲಿಲ್ಲ. ಆ ಪುಸ್ತಕವನ್ನು ಕಾಯ್ದಿರಿಸಿದವರಿದ್ದಾರೆ, ಮೊದಲು ಅದನ್ನು ರದ್ದು ಮಾಡಿ ಎಂದಿತು ತಂತ್ರಾಂಶ. ಪಟ್ಟಿ ತೆರೆದೆ. ನಾಲ್ವರಿದ್ದರು. ಮೂವರು ವಿದ್ಯಾರ್ಥಿಗಳು, ಒಬ್ಬರು ಮೇಷ್ಟ್ರು.